ಸೈಲೆನ್ಸರ್ ಬಿಚ್ಚಿದ ಮೇಲೆ ಕೇಳಿಸುವುದೇನು?

ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿ 66ರ ಬದಿಗೆ ಮನೆಯಿರುವ ಯಾರನ್ನು ಬೇಕಾದರೂ ಕೇಳಿ, ರಾತ್ರಿ ಹತ್ತರ ಮೇಲೆ ಹಾದುಹೋಗುವ ಕೆಲವು ಗಾಡಿಗಳನ್ನು ಅವರು ನೋಡದೆಯೇ ಗುರುತಿಸುತ್ತಾರೆ. ಕಂಪನಿ ಕೊಟ್ಟ ಸೈಲೆನ್ಸರನ್ನು ಮನೆಯಂಗಳದಲ್ಲೋ ಗ್ಯಾರೇಜಿನಲ್ಲೋ ಬಿಚ್ಚಿ, ಅದರ ಜಾಗಕ್ಕೆ ಬರಿಯ ಕೊಳವೆಯೊಂದನ್ನು ಸಿಕ್ಕಿಸಿಕೊಂಡ ಗಾಡಿಗಳು ಅವು. ಹುಡುಗಾಟಿಕೆ ಎಂದು ಬೈದು ಸುಮ್ಮನಾಗುವವರಿದ್ದಾರೆ, ಪೊಲೀಸರು ನೋಡಿಕೊಳ್ಳಲಿ ಎಂದು ಕೈತೊಳೆದುಕೊಳ್ಳುವವರೂ ಇದ್ದಾರೆ. ನನ್ನ ಜಗಳ ಬೇರೆಯದು. ಸೈಲೆನ್ಸರ್ ಬಿಚ್ಚುವವರು ತಾವು ಹಾಗೆ ಮಾಡುವುದು ಸದ್ದಿನ ಮೇಲಿನ ಪ್ರೀತಿಗೆ ಎನ್ನುತ್ತಾರೆ, ‘ಎಂಜಿನ್ನಿನ ನಿಜವಾದ ದನಿ ಕೇಳಬೇಕು’ ಎನ್ನುತ್ತಾರೆ. ದನಿಯ ಮಾತು ಬಂದ ಮೇಲೆ ಅದು ರಸಿಕತೆಯ ಪ್ರಶ್ನೆಯಾಯಿತು. ಹಾಗಾದರೆ ಮೊದಲು ಅದನ್ನೇ ಕೇಳೋಣ: ಬಿಚ್ಚಿದ ಮೇಲೆ ಬರುವ ಸದ್ದು ಕೇಳಲು ಯೋಗ್ಯವಾಗಿದೆಯೆ? ಇಲ್ಲ ಎಂಬುದು ನನ್ನ ಉತ್ತರ. ಆ ಉತ್ತರಕ್ಕೆ ಬರುವ ಮೊದಲು ಈ ಹುಚ್ಚನ್ನು ಗೌರವದಿಂದಲೇ ಅರ್ಥ ಮಾಡಿಕೊಳ್ಳಬೇಕು.

ಇದರ ಕನಸು ಎಲ್ಲಿಂದ ಬರುತ್ತದೆ ಎಂಬುದು ಗುಟ್ಟೇನಲ್ಲ. ಭಟ್ಕಳದ ಎಷ್ಟೋ ಮನೆಗಳಿಗೆ ದುಬೈ ಬೆಂಗಳೂರಿಗಿಂತ ಹತ್ತಿರ. ಹೊನ್ನಾವರ, ಕುಮಟಾದಿಂದಲೂ ಕೊಲ್ಲಿಗೆ ಹೋದವರಿದ್ದಾರೆ. ಅಲ್ಲಿನ ಅಗಲವಾದ ರಸ್ತೆಗಳಲ್ಲಿ ಸಂಜೆ ಹೊತ್ತು ಓಡುವ ಫೆರಾರಿ, ಲಂಬೋರ್ಗಿನಿ, ಪೋರ್ಷೆಗಳ ವಿಡಿಯೋ ಇಲ್ಲಿನ ಹುಡುಗರ ಮೊಬೈಲಿಗೆ ಬರುತ್ತದೆ. ಜೊತೆಗೇ ಇನ್ನೊಂದು ಬಗೆಯ ವಿಡಿಯೋ ಬರುತ್ತದೆ: ಅಮೆರಿಕದಲ್ಲೋ ಜರ್ಮನಿಯಲ್ಲೋ ಒಬ್ಬ ತನ್ನ ಮನೆಯ ಶೆಡ್ಡಿನಲ್ಲಿ ಕಾರನ್ನು ಜಾಕಿನ ಮೇಲೆ ಎತ್ತಿಟ್ಟು, ಹಿಂದಿನ ಬಂಪರ್ ಕಳಚಿ, ಸೈಲೆನ್ಸರನ್ನು ಕೆಳಗಿಳಿಸಿ, ಎಂಜಿನ್ ಚಾಲೂ ಮಾಡಿ ಮುಗುಳ್ನಗುತ್ತಾನೆ. ಆ ಕಾರು ಇಲ್ಲಿ ಯಾರಿಗೂ ಎಟುಕುವುದಿಲ್ಲ. ಎಟುಕುವುದು ಬುಲೆಟ್, ಡ್ಯೂಕ್, ಎಲ್ಲಿಂದಲೋ ಹುಡುಕಿ ತಂದ ಹಳೆಯ ಆರ್‌ಎಕ್ಸ್ 100. ಕಾರಿನ ಆಸೆ ಬೈಕಿನ ಮೇಲೆ ತೀರುತ್ತದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಇಪ್ಪತ್ತರ ಹುಡುಗನಿಗೆ ಯಂತ್ರದ ಮೇಲೆ ಆಸೆ ಹುಟ್ಟುವುದು ಒಳ್ಳೆಯದೇ.

ಆದರೆ ಆ ವಿಡಿಯೋದ ಕಾರಿಗೂ ನಮ್ಮ ಬೈಕಿಗೂ ನಡುವಿನ ವ್ಯತ್ಯಾಸವನ್ನು ಯಾರೂ ಹೇಳಿಕೊಡುವುದಿಲ್ಲ. ಆ ಬಗೆಯ ಸ್ಪೋರ್ಟ್ಸ್ ಕಾರಿನಲ್ಲಿ ಎಂಜಿನ್ ಇರುವುದು ಸೀಟಿನ ಬೆನ್ನಿಗೆ, ಹಿಂದಿನ ಚಕ್ರಗಳ ಅಚ್ಚಿಗಿಂತ ಮುಂದೆ. 1966ರ ಲಂಬೋರ್ಗಿನಿ ಮಿಯುರಾ ಈ ಜೋಡಣೆಯನ್ನು ರಸ್ತೆಯ ಕಾರಿಗೆ ತಂದು ಹೆಸರು ಮಾಡಿತು. 1984ರಲ್ಲಿ ಬಂದ ಟೊಯೊಟಾ ಎಂಆರ್2, 1996ರ ಪೋರ್ಷೆ ಬಾಕ್ಸ್‌ಸ್ಟರ್ ಅದನ್ನು ಇನ್ನಷ್ಟು ಜನರ ಕೈಗೆ ಕೊಟ್ಟವು. ಭಾರ ಮಧ್ಯಕ್ಕೆ ಬರುವುದರಿಂದ ತಿರುವಿನಲ್ಲಿ ಕಾರು ಚುರುಕಾಗಿ ತಿರುಗುತ್ತದೆ. (ಎಂಜಿನ್ನನ್ನು ಬಾನೆಟ್ಟಿನಿಂದ ಸೀಟಿನ ಕೆಳಗೆ ತಂದ ಗಾಡಿಯೊಂದನ್ನು ನಮ್ಮ ಕರಾವಳಿಯೂ ಚೆನ್ನಾಗಿ ಬಲ್ಲದು. ಮದುವೆ ದಿಬ್ಬಣ, ಶಾಲೆಯ ಮಕ್ಕಳು, ಮೀನಿನ ಬುಟ್ಟಿ ಎಲ್ಲವನ್ನೂ ಹೊತ್ತ 796 ಸಿಸಿಯ ಮಾರುತಿ ಓಮ್ನಿ ಅದು. 1984ರಿಂದ 2019ರವರೆಗೆ ತಯಾರಾದ ಆ ಗಾಡಿಯನ್ನು ಯಾರೂ ಸ್ಪೋರ್ಟ್ಸ್ ಕಾರು ಎನ್ನಲಿಲ್ಲ.) ಮುಂದೆ ಎಂಜಿನ್ನಿರುವ ಕಾರಿನಲ್ಲಿ ಹೊಗೆ ಗಾಡಿಯ ಹೊಟ್ಟೆಯ ಕೆಳಗೆ ಮೂರು ನಾಲ್ಕು ಮೀಟರ್ ಹರಿದು ಬರುವಷ್ಟರಲ್ಲಿ ಸ್ವಲ್ಪ ತಣ್ಣಗಾಗುತ್ತದೆ, ಅದರ ಬಡಿತವೂ ಒಂದಿಷ್ಟು ಮೆತ್ತಗಾಗುತ್ತದೆ. ಮಧ್ಯದಲ್ಲಿ ಎಂಜಿನ್ನಿರುವ ಕಾರಿನಲ್ಲಿ ಅಷ್ಟು ದಾರಿಯೇ ಇಲ್ಲ. ಎಂಜಿನ್ನಿನಿಂದ ಬಂಪರಿಗೆ ಇರುವ ಚೂರು ಜಾಗದಲ್ಲೇ ಎಲ್ಲ ಕೆಲಸ ಮುಗಿಯಬೇಕು. ಅದಕ್ಕೇ ಅಲ್ಲಿನ ಸೈಲೆನ್ಸರ್ ದಪ್ಪಗೆ, ಭಾರವಾಗಿ, ಒಳಗೆ ಮಡಚಿ ಮಡಚಿ ಇಟ್ಟ ಕೊಳವೆಗಳಿಂದ ತುಂಬಿರುತ್ತದೆ. ಅದನ್ನು ಕಿತ್ತರೆ ಕೊಳವೆಯ ಬಾಯಿಗೆ ಬರುವುದು ಬಹುತೇಕ ಎಂಜಿನ್ನಿನ ಬಾಗಿಲಲ್ಲಿರುವ ಸದ್ದೇ, ಅದರ ಬಿಸಿಯೂ ಜೊತೆಗೆ. ಎಂಜಿನ್ನಿನ ಹೊಗೆಬಾಯಿಯಿಂದ ಕೈಯಳತೆಯಲ್ಲೇ ಸೈಲೆನ್ಸರ್ ಕೂತಿರುವ ಬೈಕಿನ ಪರಿಸ್ಥಿತಿಯೂ ಹತ್ತಿರಹತ್ತಿರ ಇದೇ.

ಆ ಡಬ್ಬಿಯೊಳಗೆ ಏನಿದೆ ಎಂದು ಬಿಚ್ಚುವವರು ಒಮ್ಮೆ ಕೊಯ್ದು ನೋಡಬೇಕು. ಅಮೆರಿಕದ ಇಂಡಿಯಾನಾ ರಾಜ್ಯದ ರೀವ್ಸ್ ಸಹೋದರರು ಎಂಜಿನ್ನಿನ ಹೊಗೆಯ ಸದ್ದಡಗಿಸುವ ಸಾಧನಕ್ಕೆ 1897ರಲ್ಲಿ ಪೇಟೆಂಟ್ ಪಡೆದರು. ಅಲ್ಲಿಂದ ಇಲ್ಲಿಯವರೆಗೆ ನೂರಕ್ಕೂ ಹೆಚ್ಚು ವರ್ಷಗಳ ಬುದ್ಧಿ ಅದರೊಳಗೆ ಕೂತಿದೆ. ಸಿಲಿಂಡರಿನ ಕವಾಟ ತೆರೆದಾಗ ಒತ್ತಡದಲ್ಲಿದ್ದ ಹೊಗೆ ಒಮ್ಮೆಲೇ ನುಗ್ಗುತ್ತದೆ. ಅದೇ ಸದ್ದಿನ ಮೂಲ. ಕಿರಿದಾದ ಕೊಳವೆಯಿಂದ ದೊಡ್ಡ ಕೋಣೆಗೆ ಬಂದ ಕೂಡಲೇ ಆ ಅಲೆ ಹರಡಿಕೊಳ್ಳುತ್ತದೆ, ಒಂದು ಭಾಗ ಗೋಡೆಗೆ ಬಡಿದು ಹಿಂದಿರುಗುತ್ತದೆ. ಕೋಣೆಯ ಉದ್ದವನ್ನು ಲೆಕ್ಕ ಹಾಕಿ ಇಟ್ಟಿರುವುದರಿಂದ ಹಿಂದಿರುಗಿದ ಅಲೆಯ ಏರು ಮುಂದೆ ಬರುವ ಅಲೆಯ ಇಳಿವಿಗೆ ಕೂಡಿ, ಕೆಲವು ಸ್ವರಗಳು ತಮ್ಮಷ್ಟಕ್ಕೆ ತಾವೇ ಕರಗುತ್ತವೆ. ತೂತು ತೂತಿನ ಕೊಳವೆಯ ಸುತ್ತ ಗಾಜಿನ ನಾರು ತುಂಬಿದ್ದರೆ ಅದು ಮೇಲಿನ ಸ್ವರಗಳನ್ನು, ಕಿರುಚುವಂಥವನ್ನು, ಹೀರಿಕೊಳ್ಳುತ್ತದೆ. ಉಳಿಯುವುದು ಕೆಳಗಿನ ಗಂಭೀರ ಸ್ವರ. ಯಾವುದನ್ನು ಉಳಿಸಬೇಕು, ಯಾವುದನ್ನು ಕಳೆಯಬೇಕು ಎಂದು ಇಡೀ ತಂಡವೊಂದು ಕೂತು ಆರಿಸಿರುತ್ತದೆ. ಬುಲೆಟ್ಟಿನ ‘ಡುಗ್ ಡುಗ್’ ಎಂದು ನಾವು ಮೆಚ್ಚುವ ಸದ್ದು ಸೈಲೆನ್ಸರಿನ ಹೊರತಾಗಿ ಹುಟ್ಟಿದ್ದಲ್ಲ, ಅದರ ಮೂಲಕವೇ ಹುಟ್ಟಿದ್ದು.

ಇಲ್ಲಿ ಒಂದಿಷ್ಟು ಲೆಕ್ಕ ಮಾಡಿದರೆ ಸದ್ದಿನ ಗುಣ ತಿಳಿಯುತ್ತದೆ. ನಾಲ್ಕು ಹೊಡೆತದ ಒಂಟಿ ಸಿಲಿಂಡರಿನ ಎಂಜಿನ್ ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ನಿಂತಲ್ಲೇ ನಿಮಿಷಕ್ಕೆ 1,000 ಸುತ್ತು ತಿರುಗುತ್ತಿದ್ದರೆ 500 ಸಿಡಿತ, ಅಂದರೆ ಸೆಕೆಂಡಿಗೆ ಎಂಟಕ್ಕಿಂತ ಚೂರು ಹೆಚ್ಚು. ಸೆಕೆಂಡಿಗೆ ಇಪ್ಪತ್ತಕ್ಕಿಂತ ಕಡಿಮೆ ಬಡಿತವನ್ನು ಕಿವಿ ಸ್ವರವೆಂದು ಗ್ರಹಿಸುವುದಿಲ್ಲ, ಬಿಡಿ ಬಿಡಿ ಪೆಟ್ಟುಗಳಾಗಿ ಕೇಳುತ್ತದೆ. ಬುಲೆಟ್ ನಿಂತಲ್ಲಿ ನಮಗೆ ಕೇಳುವುದು ತಾಳ. ಅದೇ ಆರು ಸಿಲಿಂಡರಿನ ಪೋರ್ಷೆ ನಿಮಿಷಕ್ಕೆ 5,900 ಸುತ್ತಿನಲ್ಲಿ ಓಡುವಾಗ ಸೆಕೆಂಡಿಗೆ 295 ಸಿಡಿತ; ಅದು ಹಾರ್ಮೋನಿಯಮ್ಮಿನ ಬಿಳಿ ಎರಡರ ಆಸುಪಾಸು. ಅಲ್ಲಿ ಕೇಳುವುದು ಶ್ರುತಿ. ಒಂದರ ಸೊಗಸು ಪೆಟ್ಟು ಮತ್ತು ಪೆಟ್ಟಿನ ನಡುವಿನ ಬಿಡುವಿನಲ್ಲಿದೆ, ಇನ್ನೊಂದರದ್ದು ಆಕ್ಸಿಲರೇಟರ್ ಒತ್ತಿದಂತೆ ಏರುವ ಸ್ವರದಲ್ಲಿದೆ. ಎರಡನ್ನೂ ಬರಿಯ ಕೊಳವೆಗೆ ಕೊಟ್ಟು ನೋಡಿ. ಹೊಗೆಯ ನುಗ್ಗು ಎಷ್ಟು ಕಡಿದಾಗಿದೆಯೋ ಅಷ್ಟು ಮೇಲಿನ ಸ್ವರಗಳು ಅದರೊಳಗಿರುತ್ತವೆ, ತಡೆಯುವವರಿಲ್ಲದೆ ಅವೆಲ್ಲ ಹೊರಬೀಳುತ್ತವೆ. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವುದು 2,000ದಿಂದ 5,000 ಹರ್ಟ್ಸ್ ನಡುವಿನ ಸದ್ದಿಗೆ. ಬರಿಯ ಕೊಳವೆಯ ಕರ್ಕಶ ಬಂದು ಬಡಿಯುವುದು ಅಲ್ಲಿಗೇ. ಆಗ ಬುಲೆಟ್ಟಿನ ಬಿಡುವು ಮುಚ್ಚಿಹೋಗುತ್ತದೆ, ಪೋರ್ಷೆಯ ಸ್ವರ ಹರಿದುಹೋಗುತ್ತದೆ. ತಾಳವೂ ಇಲ್ಲ, ಶ್ರುತಿಯೂ ಇಲ್ಲ, ಉಳಿದದ್ದು ಗಾತ್ರ ಮಾತ್ರ. ‘ನಿಜವಾದ ದನಿ’ ಎಂದು ನಂಬಿ ಬಿಚ್ಚಿದವರಿಗೆ ಸಿಕ್ಕಿದ್ದು ಎಲ್ಲ ಗಾಡಿಗಳಿಗೂ ಒಂದೇ ಆದ ಅರಚಾಟ. ಹೆದ್ದಾರಿಯ ಬದಿಯ ಮನೆಯಲ್ಲಿ ಕಣ್ಣು ಮುಚ್ಚಿ ಕೂತರೆ, ಹೋದದ್ದು ಯಾವ ಗಾಡಿ ಎಂದು ಹೇಳಲಾಗದು. ಸೈಲೆನ್ಸರ್ ಇಲ್ಲದ ಗಾಡಿ ಎಂದಷ್ಟೇ ಹೇಳಬಹುದು. ಗಾಡಿಯ ಗುರುತನ್ನೇ ಅಳಿಸಿಹಾಕುವ ಈ ಕೆಲಸವನ್ನು ನಾನು ರುಚಿಹೀನ ಎನ್ನುವುದು ಇದಕ್ಕೆ.

ದೊಡ್ಡ ಸದ್ದು ಬೇಡ ಎನ್ನುವ ಊರಲ್ಲ ನಮ್ಮದು. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆಯವರ ಯಕ್ಷಗಾನ ಮೇಳ 1934ರಿಂದ ಇದೆ. ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ್ದು. ಈ ತೀರದಲ್ಲಿ ಬಯಲಾಟದ ಚಂಡೆ ಗದ್ದೆ ದಾಟಿ, ಹೊಳೆ ದಾಟಿ ಕೇಳುತ್ತದೆ, ಯಾರೂ ದೂರುವುದಿಲ್ಲ. ಯಾಕೆ? ಮದ್ದಳೆಯನ್ನು ಭಾಗವತರ ಶ್ರುತಿಗೆ ಕೂಡಿಸಿರುತ್ತಾರೆ. ಚಂಡೆ ಇಡೀ ರಾತ್ರಿ ಒಂದೇ ಸಮನೆ ಬಾರಿಸುವುದಿಲ್ಲ. ಕಿರೀಟದ ವೇಷ ಬರುವಾಗ, ಯುದ್ಧಕ್ಕೆ ನಿಲ್ಲುವಾಗ, ಆವೇಶ ಏರುವಾಗ ಅದು ಎದ್ದು ನಿಲ್ಲುತ್ತದೆ, ಕರುಣದ ಪದ್ಯಕ್ಕೆ ಹಿಂದೆ ಸರಿಯುತ್ತದೆ. ದೊಡ್ಡ ಸದ್ದಿಗೆ ಹೊತ್ತುಗೊತ್ತು, ಕಾರಣ, ಹದ ಎಲ್ಲ ಇದೆ. ಇಂಥ ಕಿವಿಯನ್ನು ಅಜ್ಜಂದಿರಿಂದ ಪಡೆದ ಊರಿನ ಹುಡುಗರು ಸದ್ದಿನಲ್ಲಿ ಇಷ್ಟು ಕಡಿಮೆಗೆ ತೃಪ್ತರಾಗುತ್ತಾರಲ್ಲ ಎಂಬುದೇ ನನ್ನ ಸಂಕಟ.

ಆರ್‌ಎಕ್ಸ್ 100ರ ಕಥೆ ಇನ್ನೂ ನೋವಿನದು. 1985ರಿಂದ 1996ರವರೆಗೆ ತಯಾರಾದ ಈ 98 ಸಿಸಿಯ ಯಮಾಹಾ ಎರಡು ಹೊಡೆತದ ಎಂಜಿನ್ನಿನದು. ಅಂಥ ಎಂಜಿನ್ನಿನಲ್ಲಿ ಹೊಗೆ ಹೋಗುವ ದಾರಿಯೂ ಹೊಸ ಪೆಟ್ರೋಲು–ಗಾಳಿ ಬರುವ ದಾರಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಹೊಸ ಮಿಶ್ರಣದ ಒಂದಂಶ ಹೊಗೆಯ ಜೊತೆ ಹೊರಗೆ ಜಾರುತ್ತದೆ. ಸೈಲೆನ್ಸರಿನ ಒಳಗಿನ ಆಕಾರದಿಂದ ಹಿಂದಿರುಗುವ ಒತ್ತಡದ ಅಲೆ ಅದನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಅಂದರೆ ಅಲ್ಲಿ ಸೈಲೆನ್ಸರ್ ಎಂಜಿನ್ನಿನ ಉಸಿರಾಟದ ಅಂಗ. ಒಳಗಿನ ನಳಿಗೆಯನ್ನು ಎಳೆದು ಬಿಸಾಡಿ ‘ಈಗ ಸೌಂಡ್ ಬಂತು’ ಎಂದು ಹಿಗ್ಗುವವರು ಆ ಗಾಡಿಯ ಹೆಸರಿಗೆ ಕಾರಣವಾದ ಎಳೆತವನ್ನೇ ಕೆಡಿಸಿರುತ್ತಾರೆ. ಮೂವತ್ತು ವರ್ಷ ಉಳಿದುಬಂದ ಯಂತ್ರಕ್ಕೆ ಹೀಗೆ ಮಾಡುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಶಕ್ತಿ ಹೆಚ್ಚುತ್ತದೆ ಎಂಬುದು ಎರಡನೆಯ ವಾದ. ಪಂದ್ಯದ ಗಾಡಿಯಲ್ಲಿ ಇದು ನಿಜವಾಗಬಹುದು, ಯಾಕೆಂದರೆ ಅಲ್ಲಿ ಕೊಳವೆಯ ಉದ್ದ, ಅಗಲ, ಪೆಟ್ರೋಲಿನ ಪ್ರಮಾಣ, ಕಿಡಿಯ ಸಮಯ ಎಲ್ಲವನ್ನೂ ಒಟ್ಟಿಗೆ ಹೊಂದಿಸುತ್ತಾರೆ. ಮನೆಯಂಗಳದಲ್ಲಿ ಒಂದನ್ನೇ ಬದಲಿಸಿದರೆ ಬರುವ ಲಾಭ ಗಣನೆಗೆ ಬರದಷ್ಟು. ಕಾರ್ಬುರೇಟರಿನ ಗಾಡಿಯಲ್ಲಿ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾಗಿ ಎಂಜಿನ್ ಬಿಸಿ ಏರುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲಂತೂ ಹೊಗೆಯ ದಾರಿಯಲ್ಲಿ ಆಮ್ಲಜನಕ ಅಳೆಯುವ ಸೆನ್ಸರ್ ಇದೆ, ಪ್ಲಾಟಿನಂ, ಪಲಾಡಿಯಂ, ರೋಡಿಯಂ ಲೇಪಿಸಿದ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಹಲವು ಗಾಡಿಗಳಲ್ಲಿ ಅದು ಬೆಂಡ್ ಪೈಪಿನಲ್ಲೋ ಸೈಲೆನ್ಸರಿನಲ್ಲೋ ಸೇರಿಕೊಂಡೇ ಇರುತ್ತದೆ. ಸದ್ದಿಗಾಗಿ ಇಡೀ ಸರಂಜಾಮು ಕಿತ್ತವರು ಕಾರ್ಬನ್ ಮಾನಾಕ್ಸೈಡನ್ನು, ಸುಡದ ಪೆಟ್ರೋಲಿನ ಆವಿಯನ್ನು ಶುದ್ಧ ಮಾಡುವ ಸಾಧನವನ್ನೂ ಕಿತ್ತಂತೆ. ಓಡುವ ಗಾಡಿಯ ಸ್ವಿಚ್ ಆಫ್ ಮಾಡಿ, ಮತ್ತೆ ಆನ್ ಮಾಡಿ, ಕೊಳವೆಯಲ್ಲಿ ಪಟಾಕಿ ಹೊಡೆಸುವ ಚಟವೊಂದಿದೆ. ಅಲ್ಲಿ ಸಿಡಿಯುವುದು ಸುಡದೆ ಹೊರಬಂದ ಪೆಟ್ರೋಲು. ಕನ್ವರ್ಟರ್ ಉಳಿಸಿಕೊಂಡ ಗಾಡಿಯಲ್ಲಿ ಆ ಸಿಡಿತ ಅದರ ಒಳಗಿನ ಜೇನುಗೂಡನ್ನು ಕರಗಿಸಿ ಒಡೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಬಿಚ್ಚುವ ಕೆಲಸದಲ್ಲಿರುವ ಕಸುಬಿಗೆ ನಾನು ತಲೆಬಾಗುತ್ತೇನೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಉಳಿದ ತಿಂಗಳು ಉಪ್ಪುಗಾಳಿ ಬೀಸುವ ಈ ತೀರದಲ್ಲಿ ಸೈಲೆನ್ಸರಿನ ಬೋಲ್ಟ್ ಬಿಚ್ಚುವುದು ಸುಲಭದ ಮಾತಲ್ಲ. ಪೇಟೆಯಿಂದ ಮನೆಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಕೊಳವೆ ಪೂರ್ತಿ ಕಾಯುವುದೇ ಇಲ್ಲ. ಪೆಟ್ರೋಲು ಉರಿದು ಹುಟ್ಟಿದ ನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ. ಹೊರಗಿನಿಂದ ಮಳೆ, ಒಳಗಿನಿಂದ ಈ ನೀರು. ‘ಎಂತ ಮಾರಾಯ, ನಟ್ಟು ಹಿಡ್ಕಂಡು ಕೂತದೆ’ ಎಂಬ ಮಾತು ಕೇಳದ ಗ್ಯಾರೇಜು ಈ ಕಡೆ ಇಲ್ಲ. ಅವಸರದಲ್ಲಿ ಸ್ಪಾನರ್ ಹಾಕಿ ಎಳೆದರೆ ಸಿಲಿಂಡರ್ ಹೆಡ್ಡಿನ ಸ್ಟಡ್ ಮುರಿಯುತ್ತದೆ. ಆಮೇಲೆ ಅದನ್ನು ಕೊರೆದು ತೆಗೆದು ಹೊಸ ತಿರುಪು ಹೊಡೆಯುವ ಕೆಲಸ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡುವುದು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುವುದು, ನಟ್ಟನ್ನಷ್ಟೇ ಕಾಯಿಸುವುದು, ಒಮ್ಮೆ ಬಿಗಿದು ಆಮೇಲೆ ಸಡಿಲಿಸುವುದು: ಇದೆಲ್ಲ ಕೈಗೆ ಬರಲು ವರ್ಷ ಬೇಕು. ಕಾರಾದರೆ ಬರಿಯ ಜಾಕ್ ನಂಬಿ ಅಡಿಗೆ ಹೋಗಬಾರದು, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಬೇಕು, ಕೊಳವೆ ತಣ್ಣಗಾಗುವವರೆಗೆ ಕಾಯಬೇಕು, ತೂಗುಹಾಕಿದ ರಬ್ಬರುಗಳನ್ನು ಕಳಚುವಾಗ ಭಾರ ಹಿಡಿಯಲು ಇನ್ನೊಬ್ಬರಿರಬೇಕು. ತನ್ನ ಗಾಡಿಯ ಅಡಿಗೆ ತಾನೇ ಇಳಿದ ಹುಡುಗನಿಗೆ ಗಾಡಿ ಹೇಗೆ ಉಸಿರಾಡುತ್ತದೆ ಎಂದು ತಿಳಿಯುತ್ತದೆ. ಶೋರೂಮಿಗೆ ಬಿಟ್ಟು ಬಿಲ್ಲು ಕಟ್ಟುವವನಿಗೆ ಆ ತಿಳಿವಳಿಕೆ ಸಿಗದು. ಮನೆಯಲ್ಲೇ ಬಿಚ್ಚುವ ಅಭ್ಯಾಸದಲ್ಲಿ ನಾನು ಮೆಚ್ಚುವ ಭಾಗ ಇದೊಂದೇ, ಇದನ್ನು ತುಂಬುಮನಸ್ಸಿನಿಂದ ಮೆಚ್ಚುತ್ತೇನೆ.

ಸದ್ದಿನ ಬಗ್ಗೆ ಅಷ್ಟು ಆಸೆಪಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. 2016ರಲ್ಲಿ ಪೋರ್ಷೆ ತನ್ನ ಬಾಕ್ಸ್‌ಸ್ಟರ್, ಕೇಮನ್ ಕಾರುಗಳಿಗೆ ಆರು ಸಿಲಿಂಡರಿನ ಬದಲು ಟರ್ಬೊ ಇರುವ ನಾಲ್ಕು ಸಿಲಿಂಡರಿನ ಎಂಜಿನ್ ಹಾಕಿತು. ವೇಗ ಕಡಿಮೆಯಾಗಲಿಲ್ಲ, ಆದರೂ ದನಿ ಹೋಯಿತೆಂದು ಜಗತ್ತಿನ ತುಂಬ ಅಭಿಮಾನಿಗಳು ಮರುಗಿದರು. ಮುಂದಿನ ವರ್ಷಗಳಲ್ಲಿ ಕಂಪನಿ ಕೆಲವು ಮಾದರಿಗಳಿಗೆ 4 ಲೀಟರಿನ ಆರು ಸಿಲಿಂಡರ್ ಎಂಜಿನ್ನನ್ನು ಮತ್ತೆ ತಂದಿತು. ಆ ಮರುಗಾಟಕ್ಕೆ ಅರ್ಥವಿದೆ: ದನಿ ಬಂದದ್ದು ಸಿಲಿಂಡರಿನ ಎಣಿಕೆಯಿಂದ, ಸಿಡಿತದ ಕ್ರಮದಿಂದ, ಕೊಳವೆಗಳನ್ನು ಕೂಡಿಸಿದ ರೀತಿಯಿಂದ. ಅದು ಎಂಜಿನ್ನಿನಲ್ಲಿ ಇಲ್ಲದಿದ್ದರೆ ಸೈಲೆನ್ಸರ್ ಕಿತ್ತು ಹುಟ್ಟಿಸಲು ಬರುವುದಿಲ್ಲ.

ಈಗ ಊರಿನ ಮಾತು. ಭಟ್ಕಳದ ಶಂಸುದ್ದೀನ್ ಸರ್ಕಲ್, ಹೊನ್ನಾವರದ ಶರಾವತಿ ಸರ್ಕಲ್, ಕುಮಟಾದ ಗಿಬ್ ಸರ್ಕಲ್ ಎಲ್ಲವೂ ಹೆದ್ದಾರಿಯ ಮೇಲೆಯೇ ಇವೆ. ಈ ಊರುಗಳನ್ನು ಹೆದ್ದಾರಿ ಬಳಸಿಕೊಂಡು ಹೋಗುವುದಿಲ್ಲ, ಸೀಳಿಕೊಂಡು ಹೋಗುತ್ತದೆ. ಚತುಷ್ಪಥಕ್ಕಾಗಿ ಗುಡ್ಡ ಕಡಿದಲ್ಲೆಲ್ಲ ಚಿರೆಕಲ್ಲಿನ ಗೋಡೆ ಎದ್ದಿದೆ. ಒಂದು ಕಡೆಯ ಸದ್ದನ್ನು ಅದು ಇನ್ನೊಂದು ಕಡೆಗೆ ಎಸೆಯುತ್ತದೆ. ಕಾನೂನಿನ ಪ್ರಕಾರ 175 ಸಿಸಿಗಿಂತ ದೊಡ್ಡ ಬೈಕು ತಯಾರಾಗುವಾಗ 7.5 ಮೀಟರ್ ದೂರದ ಮೈಕಿನಲ್ಲಿ 80 ಡೆಸಿಬೆಲ್ ದಾಟಬಾರದು. ಡೆಸಿಬೆಲ್ ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟೆನಿಸುತ್ತದೆ. ಬರಿಯ ಕೊಳವೆಯ ಗಾಡಿ ಅದೇ ದೂರದಲ್ಲಿ 100 ಡೆಸಿಬೆಲ್ ಕೊಡುತ್ತದೆಂದು ಹಿಡಿಯಿರಿ. ದೂರ ಎರಡು ಪಟ್ಟಾದಾಗಲೆಲ್ಲ ಆರು ಕಳೆದರೂ 60 ಮೀಟರ್ ಆಚೆಯ ಮನೆಗೆ 82 ಮುಟ್ಟುತ್ತದೆ. ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 2000ದ ಶಬ್ದಮಾಲಿನ್ಯ ನಿಯಮಗಳು ಹಾಕಿದ ಮಿತಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯದ ನೂರು ಮೀಟರ್ ಸುತ್ತ ಘೋಷಿತ ಶಾಂತವಲಯಕ್ಕೆ 40. ಇದಕ್ಕೆ ನೀರು ಸೇರಿದರೆ ಇನ್ನೂ ಕಷ್ಟ. ಶರಾವತಿಯ ಅಳಿವೆಯಲ್ಲಿ, ಅಘನಾಶಿನಿಯ ದಡದಲ್ಲಿ ರಾತ್ರಿ ನೀರಿಗೆ ತಾಗಿದ ಗಾಳಿ ತಂಪಾಗಿ ಮೇಲಿನ ಗಾಳಿ ಬೆಚ್ಚಗಿದ್ದಾಗ, ಮೇಲೇರಬೇಕಾದ ಸದ್ದು ಬಾಗಿ ಮತ್ತೆ ನೀರಿನ ಮೇಲೆಯೇ ಇಳಿಯುತ್ತದೆ. ಸೇತುವೆ ಹತ್ತಿ ರೇಸ್ ಕೊಟ್ಟವನು ಆಚೆ ದಡ ಮುಟ್ಟುವ ಮೊದಲೇ ಅವನ ಸದ್ದು ಹೊಳೆಯ ಎರಡೂ ಕಡೆಯ ಕೇರಿಗಳಿಗೆ ಮುಟ್ಟಿರುತ್ತದೆ. ಬೆಳಗಿನ ಜಾವ ದೋಣಿಗೆ ಹೊರಡಬೇಕಾದವರು ಆ ಕೇರಿಗಳಲ್ಲಿ ಮಲಗಿರುತ್ತಾರೆ.

ಘಟ್ಟದಲ್ಲಿ ಕೇಳುವವರು ಬೇರೆ. ಕುಮಟಾದಿಂದ ಶಿರಸಿಗೆ ಏರುವ ದೇವಿಮನೆ ಘಟ್ಟ, ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಮಾವಿನಗುಂಡಿಗೆ ಹೋಗುವ ರಸ್ತೆ, ಎರಡೂ ಭಾನುವಾರದ ಗುಂಪು ಸವಾರಿಗೆ ಹೆಸರಾದವು. ಶರಾವತಿ ಕಣಿವೆಯ ಸಿಂಗಳೀಕಗಳಿಗಾಗಿ ಅಭಯಾರಣ್ಯವೇ ಇದೆ. ದಟ್ಟ ಮರಗಳ ನಡುವೆ ಒಂದಕ್ಕೊಂದು ಕಾಣದ ಆ ಮಂಗಗಳು ಗುಂಪು ಬಿಡದಂತೆ ಇರುವುದು ಕೂಗಿನಿಂದ. ಅಲ್ಲಿ ಬರಿಯ ಕೊಳವೆಯಲ್ಲಿ ಏರುವವರನ್ನು ಸಮರ್ಥಿಸಲು ನನ್ನಲ್ಲಿ ಒಂದು ಮಾತೂ ಇಲ್ಲ.

‘ಸದ್ದು ಇದ್ದರೆ ಜೀವ ಉಳಿಯುತ್ತದೆ, ಎದುರಿನವನಿಗೆ ಮೊದಲೇ ತಿಳಿಯುತ್ತದೆ’ ಎಂದು ಹೇಳುವವರಿದ್ದಾರೆ. ದನ ಅಡ್ಡ ಬರುವ, ಲಾರಿ ತಿರುಗುವ ಈ ಹೆದ್ದಾರಿಯಲ್ಲಿ ಅದು ಹಗುರವಾದ ಮಾತಲ್ಲ. ಆದರೆ ಕೊಳವೆಯ ಬಾಯಿ ಹಿಂದಕ್ಕೆ ತೆರೆದಿದೆ. ಅಪಾಯ ಬರುವುದು ಹೆಚ್ಚಾಗಿ ಮುಂದಿನಿಂದ, ಅಡ್ಡದಿಂದ. ಸದ್ದಿನ ದೊಡ್ಡ ಪಾಲು ಸಿಗುವುದು ದಾಟಿಹೋದ ಮೇಲೆ, ಹಿಂದೆ ಉಳಿದವರಿಗೆ. ಮುಂದಿನವರಿಗೆ ತಿಳಿಸಲು ಹಾರನ್ ಇದೆ, ದೀಪವಿದೆ, ಬ್ರೇಕ್ ಇದೆ.

ಕಾನೂನಿಗೆ ಬಂದರೆ ಅದು ಸ್ಪಷ್ಟವಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಪ್ರತಿ ಗಾಡಿಗೂ ಸೈಲೆನ್ಸರ್ ಇರಲೇಬೇಕೆನ್ನುತ್ತದೆ. 1988ರ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಡಿ, ಅನುಮತಿಯಿಲ್ಲದೆ ಗಾಡಿ ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. 194ಎಫ್ ಕಲಮು ಹೊಗೆಯನ್ನು ಸೈಲೆನ್ಸರ್ ತಪ್ಪಿಸಿ ಹೊರಬಿಡುವ ಕಟೌಟಿಗೆ ಮೊದಲ ಸಲ 1,000, ಮತ್ತೆ ಸಿಕ್ಕಿದರೆ 2,000 ರೂಪಾಯಿ ಹಾಕುತ್ತದೆ. ಕನಸು ಬಂದ ದುಬೈಯಲ್ಲೂ ಗದ್ದಲದ ಗಾಡಿಗೆ 2,000 ದಿರ್ಹಮ್ ದಂಡ, ಲೈಸೆನ್ಸಿನ ಮೇಲೆ 12 ಕಪ್ಪು ಅಂಕ ಇವೆ. ವಿಡಿಯೋದಲ್ಲಿ ಅದು ಕಾಣುವುದಿಲ್ಲ.

ಆದರೆ ಜಾರಿಯ ರೀತಿಯನ್ನು ನಾನು ಒಪ್ಪಲಾರೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹಾಯಿಸಿದ್ದಾರೆ. ಫೋಟೋ ಚೆನ್ನಾಗಿ ಬರುತ್ತದೆ. ಆ ಕೊಳವೆ ಮಾರಿದ ಅಂಗಡಿ ಮರುದಿನವೂ ಬಾಗಿಲು ತೆರೆದಿರುತ್ತದೆ, ‘ಪಂದ್ಯದ ಬಳಕೆಗೆ ಮಾತ್ರ’ ಎಂಬ ಚೀಟಿ ಅಂಟಿಸಿದ ಕೊಳವೆಯನ್ನು ಪಂದ್ಯದ ಮೈದಾನವೇ ಇಲ್ಲದ ತಾಲೂಕಿಗೆ ಕಳಿಸುತ್ತಿರುತ್ತದೆ. ದಂಡದ ಭಾರ ಕೊಂಡವನ ಮೇಲಷ್ಟೇ. ಅದರಲ್ಲೂ ಬುಲೆಟ್ಟಿನ ಹುಡುಗ ಸಿಕ್ಕಿಬೀಳುತ್ತಾನೆ. ಗುಂಡಿ ಒತ್ತಿದರೆ ಕೊಳವೆಯ ಕವಾಟ ತೆರೆದು ಆರ್ಭಟಿಸುವ ದುಬಾರಿ ಕಾರು ಕಂಪನಿಯಿಂದಲೇ ಹಾಗೆ ಬಂದು ಪರೀಕ್ಷೆ ಪಾಸಾಗಿರುತ್ತದೆ, ಅದನ್ನು ಯಾರೂ ತಡೆಯುವುದಿಲ್ಲ. ಸದ್ದು ತಪ್ಪು ಎಂದಾದರೆ ರಸ್ತೆಯ ಮೇಲೆ ಸದ್ದನ್ನೇ ಅಳೆಯಬೇಕು. ಪ್ಯಾರಿಸ್ ಸುತ್ತಮುತ್ತ ಯಾವ ಗಾಡಿ ಗದ್ದಲ ಮಾಡಿತೆಂದು ಗುರುತಿಸುವ ಮೈಕುಗಳನ್ನು ಕಂಬಗಳ ಮೇಲೆ ಇಟ್ಟು ನೋಡಿದ್ದಾರೆ. ಇಲ್ಲಿ ಚೆಕ್‌ಪೋಸ್ಟಿನಲ್ಲಿ ಒಂದು ಡೆಸಿಬೆಲ್ ಮೀಟರ್ ಇದ್ದರೂ ಜಗಳದ ಅರ್ಧ ಅಲ್ಲೇ ತೀರುತ್ತಿತ್ತು: ಬುಲೆಟ್ಟಿಗೂ ಅದೇ ಅಳತೆ, ಕಾರಿಗೂ ಅದೇ.

ಈ ಚರ್ಚೆಯಲ್ಲಿ ಯಾರೂ ನೆನೆಯದ ಒಂದು ಜೊತೆ ಕಿವಿಗಳಿವೆ. ಸೈಲೆನ್ಸರ್ ಬಿಚ್ಚಿದ ಮೇಲೆ ಗಿರಾಕಿಗೆ ತೋರಿಸಲು ಗಾಡಿಯ ಪಕ್ಕದಲ್ಲೇ ನಿಂತು ರೇಸ್ ಕೊಡುವವನು ಗ್ಯಾರೇಜಿನ ಹುಡುಗ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ದಿನಕ್ಕೆ ಎಂಟು ಗಂಟೆ ಕೇಳಲು 85 ಡೆಸಿಬೆಲ್ ಮಿತಿ ಎನ್ನುತ್ತದೆ, ಪ್ರತಿ ಮೂರು ಡೆಸಿಬೆಲ್ಲಿಗೆ ಹೊತ್ತು ಅರ್ಧವಾಗುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬೆಲ್ಲನ್ನು ದಿನವೊಂದಕ್ಕೆ ಹದಿನೈದು ನಿಮಿಷ ತಾಳಬಹುದು. ಗಿರಾಕಿ ಸದ್ದಿನ ಜೊತೆ ಹೊರಟುಹೋಗುತ್ತಾನೆ, ಮುಂದಿನ ಗಿರಾಕಿ ಬರುತ್ತಾನೆ, ಹುಡುಗ ಅಲ್ಲೇ ನಿಂತಿರುತ್ತಾನೆ. ಕಿವಿಯ ಒಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಟ್ಯಾಪೆಟ್ಟಿನ ಸಣ್ಣ ಟಿಕಟಿಕವನ್ನು ಕೇಳಿಯೇ ರೋಗ ಹೇಳಬೇಕಾದ ಕಸುಬುದಾರನಿಗೆ ಮೊದಲು ಹೋಗುವುದು ಅಂಥ ಮೇಲಿನ ಸ್ವರ ಕೇಳುವ ಶಕ್ತಿಯೇ. ಕಿವಿಗೆ ಹಾಕುವ ರಕ್ಷಣೆಗೆ ಹೆಚ್ಚು ಖರ್ಚಿಲ್ಲ, ಮಾಲೀಕರು ತಂದಿಡಬೇಕು.

ಬಿಚ್ಚಲೇಬೇಕಾದ ಸೈಲೆನ್ಸರುಗಳು ಈ ಮೂರೂ ಊರಲ್ಲಿ ಸಾಕಷ್ಟಿವೆ: ತಳ ತೂತಾದವು, ನೀರು ಹೋಗುವ ರಂಧ್ರ ಕೆಸರಿನಿಂದ ಮುಚ್ಚಿದವು, ಒಳಗಿನ ತಗಡು ಕಳಚಿ ಗಲಗಲ ಅನ್ನುವವು, ಬೆಂಡ್ ಪೈಪಿನ ಸಂದಿನಲ್ಲಿ ಹೊಗೆ ಬಿಡುವವು. ಅವನ್ನು ಇಳಿಸಿ, ತುಕ್ಕು ಕೆರೆದು, ತೂತಿಗೆ ತುಂಡು ಹಚ್ಚಿ ಗ್ಯಾಸ್ ವೆಲ್ಡಿಂಗ್ ಮಾಡಿ, ನಾರು ತುಂಬುವ ಬಗೆಯದಾದರೆ ಹೊಸ ಗಾಜಿನ ನಾರು ತುಂಬಿ, ಹೊಸ ಗ್ಯಾಸ್ಕೆಟ್ ಹಾಕಿ, ನಟ್ಟಿಗೆ ತಾಮ್ರದ ಗ್ರೀಸು ಸವರಿ ಮತ್ತೆ ಏರಿಸುವವರು ಬೇಕು. ತೆಳು ತಗಡು ಸುಟ್ಟುಹೋಗದಂತೆ ಬೆಸೆಯುವುದು ಬರಿಯ ಕೊಳವೆ ಸಿಕ್ಕಿಸುವುದಕ್ಕಿಂತ ಹತ್ತು ಪಟ್ಟು ಕಷ್ಟದ ಕೆಲಸ, ಹಾಗೆ ಬೆಸೆದ ಹಳೆಯ ಬುಲೆಟ್ಟು ಮಳೆಗಾಲ ಕಳೆದ ಮೇಲೂ ತನ್ನ ತಾಳ ತಪ್ಪುವುದಿಲ್ಲ. ಸದ್ದಿನ ಮೇಲೆ ಪ್ರೀತಿಯಿರುವ ಹುಡುಗ ನನ್ನ ಬಳಿ ಸಲಹೆ ಕೇಳಿದರೆ ಅವನನ್ನು ನಾನು ಕಳಿಸುವುದು ಅಂಥ ವೆಲ್ಡರಿನ ಹತ್ತಿರಕ್ಕೆ, ಬಿಚ್ಚಿದ ಸೈಲೆನ್ಸರನ್ನು ಅವನ ಕೈಯಲ್ಲೇ ಹೊರಿಸಿ.